ಬೇಲಿಯ ಒಳಗಿನ ಕಲ್ಲು, ಬೇಲಿಯ ಹೊರಗಿನ ಕಲ್ಲು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮೂರ ಕೆರೆಯ ದಂಡೆಯಲ್ಲಿ ಒಂದು ಬಟ್ಟೆ ಒಗೆಯೋ ಕಲ್ಲಿತ್ತು. ಅಗಲವಾದ, ನುಣ್ಣನೆಯ ಕಲ್ಲು. ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲರೂ ಅದರ ಮೇಲೇ ಒಗೆದವರು. ಒಂದು ಬೇಸಿಗೆಯಲ್ಲಿ ಹೂಳೆತ್ತಲು ಬಂದ ಜೆಸಿಬಿ ಅದನ್ನು ಮಗುಚಿ ಹಾಕಿತು. ಕೆಳಮೈ ತುಂಬ ಕೆಸರು. ಯಾರೋ ಒಂದು ಬಿಂದಿಗೆ ನೀರು ಸುರಿದರು. ಬಿಲ್ಲು ಹಿಡಿದ ಗಂಡಸೊಬ್ಬ ಕಾಣಿಸಿದ. ಅವನ ಹಿಂದೆ ಸಾಲಾಗಿ ನಾಲ್ಕು ಹಸು. ಮೇಲಿನ ಸಾಲಿನಲ್ಲಿ ಇಬ್ಬರು ಹೆಂಗಸರು ಅವನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಅದಕ್ಕೂ ಮೇಲೆ ಶಿವಲಿಂಗ. ಅದರ ಮುಂದೆ ಅವನು ಕೈಮುಗಿದು ಕೂತಿದ್ದಾನೆ.

ಅದು ವೀರಗಲ್ಲು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನಿಗೆ ಊರು ನಿಲ್ಲಿಸಿದ ಕಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಕೆಳಗಿನಿಂದ ಮೇಲಕ್ಕೆ ಓದಬೇಕು. ನಮ್ಮ ಮನೆಯ ಹೆಂಗಸರು ಎಷ್ಟೋ ವರ್ಷ ಅವನ ಬೆನ್ನ ಮೇಲೆ ಬಟ್ಟೆ ಒಗೆದಿದ್ದರು. ಗೊತ್ತಿದ್ದು ಮಾಡಿದ್ದಲ್ಲ, ಪಾಪ.

ನಮ್ಮದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು. ಭತ್ತ, ಜೋಳ, ಅಡಿಕೆ ಬೆಳೆಯೋ ಹಳ್ಳಿಗಾಡು. ಆದರೆ ಇಲ್ಲಿ ಎಲ್ಲಿ ಅಗೆದರೂ ಚರಿತ್ರೆ. ಊರೂರಿನ ಶಾಸನ ಹುಡುಕಿ ಓದಿಸಿದ ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಏಳನೇ ಸಂಪುಟ ತಂದಾಗ, ನಮ್ಮ ತಾಲ್ಲೂಕಿನ ಶಾಸನಗಳೇ ಅದರಲ್ಲಿ ದೊಡ್ಡ ಜಾಗ ಹಿಡಿದವು.

ತಾಳಗುಂದಕ್ಕೆ ಹೋಗಿದ್ದೀರಾ? ಶಿರಾಳಕೊಪ್ಪದ ಹತ್ತಿರ. ಪ್ರಣವೇಶ್ವರ ದೇವಸ್ಥಾನದ ಮುಂದೆ ಎಂಟು ಮುಖದ ಒಂದು ಕಲ್ಲಿನ ಕಂಬವಿದೆ. ಅಕ್ಷರದ ಸಾಲುಗಳು ಕಂಬದ ಉದ್ದಕ್ಕೆ ಓಡುತ್ತವೆ, ಹಾಗಾಗಿ ಕುತ್ತಿಗೆ ವಾಲಿಸಿಕೊಂಡೇ ನೋಡಬೇಕು. ಐದನೇ ಶತಮಾನದ್ದು, ಸಂಸ್ಕೃತದ್ದು. ಬರೆದ ಕವಿಯ ಹೆಸರು ಕುಬ್ಜ. ಮಯೂರಶರ್ಮ ಓದಲು ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿದ್ದು, ಕೈಲಿದ್ದ ದರ್ಭೆ ಬಿಟ್ಟು ಕತ್ತಿ ಹಿಡಿದಿದ್ದು, ನಾವು ಶಾಲೆಯಲ್ಲಿ ಓದಿದ ಕದಂಬರ ಕಥೆ ಪೂರಾ ಬಂದಿದ್ದು ಈ ಕಂಬದಿಂದಲೇ. ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಇಷ್ಟೆಲ್ಲ ಹೇಳಿದ ಆ ಶಾಸನ ಹುಟ್ಟಿದ್ದು ಒಂದು ಕೆರೆಯ ನೆಪದಲ್ಲಿ. ಕದಂಬರ ದೊರೆ ಕಾಕುಸ್ಥವರ್ಮ ಇಲ್ಲಿನ ಶಿವನ ಗುಡಿಗೆ ಒಂದು ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಆ ಸುದ್ದಿಯನ್ನು ಕಲ್ಲಿಗೆ ಹಾಕಿದರು. ನೀರು ಕೊಟ್ಟ ಸುದ್ದಿ ಹೇಳುತ್ತ ಮನೆತನದ ಕಥೆಯೆಲ್ಲ ಬಂತು.

ಅದೇ ಆವರಣದಲ್ಲಿ 2013–14ರಲ್ಲಿ ಅಗೆದಾಗ ಮೆಟ್ಟಿಲ ಪಕ್ಕದ ಸಿಂಹದ ಕಟಾಂಜನ, ಅಂದರೆ ಕಲ್ಲಿನ ತಡೆಗೋಡೆ, ಸಿಕ್ಕಿತು. ಅದರ ಮೇಲಿನ ಶಾಸನದಲ್ಲಿ ಕನ್ನಡವಿದೆ. ಕ್ರಿ.ಶ. 370ರದ್ದು ಎಂದು ಪುರಾತತ್ವ ಇಲಾಖೆ ಹೇಳುತ್ತದೆ. ಅಂದರೆ ಕನ್ನಡದ ಮೊದಲ ಶಾಸನ ಅಂತ ನಾವು ಓದಿದ ಹಲ್ಮಿಡಿ ಶಾಸನಕ್ಕಿಂತ ಹಳೆಯದು. ನೂರಾರು ವರ್ಷ ಜನ ಓಡಾಡಿದ ನೆಲದಡಿಯಲ್ಲೇ ಸುಮ್ನೆ ಮಲಗಿತ್ತು!

ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಮಪ್ರಭುವಿನ ಊರು. ತ್ರಿಪುರಾಂತಕೇಶ್ವರದಲ್ಲಿ ಪಂಚತಂತ್ರದ ಕಥೆಗಳು ಕಲ್ಲಿನಲ್ಲಿವೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಇನ್ನೊಂದು ಕಡೆ 1047ರ ಗಂಡಭೇರುಂಡದ ಕಂಬವಿದೆ. ನಮ್ಮ ರಾಜ್ಯ ಲಾಂಛನದಲ್ಲಿರುವ ಎರಡು ತಲೆಯ ಹಕ್ಕಿ ಅದೇ.

ಕೇದಾರೇಶ್ವರದ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ. ಮೂರು ಗರ್ಭಗುಡಿಯ ಈ ದೇವಸ್ಥಾನಕ್ಕೆ ಸೇರಿದಂತೆ ಕೋಡಿಮಠ ಅಂತ ಕಾಳಾಮುಖರ, ಅಂದರೆ ಒಂದು ಶೈವ ಪಂಥದವರ, ಮಠವಿತ್ತು. 1162ರ ಒಂದು ಶಾಸನ ಅದರ ವರ್ಣನೆ ಮಾಡುತ್ತದೆ. ವೇದ, ವ್ಯಾಕರಣ, ಕಾವ್ಯ, ನಾಟಕ ಎಲ್ಲ ಅಲ್ಲಿ ಕಲಿಸುತ್ತಿದ್ದರಂತೆ. ಅದು ದೊಡ್ಡ ಮಾತು, ನಿಜ. ಆದರೆ ನನ್ನ ಕಣ್ಣು ನಿಂತದ್ದು ಮುಂದಿನ ಸಾಲುಗಳ ಮೇಲೆ. ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಊಟ. ಹಾಡುವವರಿಗೆ, ಕುಣಿಯುವವರಿಗೆ, ಕೊಳಲು ಊದುವವರಿಗೆ ಊಟ. ಬೇರೆ ಬೇರೆ ಪಂಥದ ಸನ್ಯಾಸಿಗಳಿಗೂ ಊಟ. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ. ಎಂಟುನೂರು ವರ್ಷಗಳ ಹಿಂದೆ, ಒಂದು ಮಠದ ಬಾಗಿಲಲ್ಲಿ! ನೀನು ಯಾರು ಅಂತ ಕೇಳುವ ಮೊದಲು ಊಟ ಆಯ್ತಾ ಅಂತ ಕೇಳಿದ ಜಾಗ ಅದು.

ನಮ್ಮ ತಾಲ್ಲೂಕಿನದೇ ಆದ ಬಂದಳಿಕೆಯ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಹತ್ತನೇ ಶತಮಾನದಲ್ಲಿ ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತು ಎಂಬ ಸೀಮೆಯನ್ನು ಆಳಿದವಳು ಜಕ್ಕಿಯಬ್ಬೆ. ಕಾಯಿಲೆ ಬಿದ್ದಾಗ ಬಂದಳಿಕೆಯ ಬಸದಿಗೆ ಬಂದಳು. ಮಗಳನ್ನು ಕರೆಸಿ ಇದ್ದಿದ್ದನ್ನೆಲ್ಲ ಅವಳ ಕೈಗೊಪ್ಪಿಸಿದಳು. ವ್ರತ ಹಿಡಿದು ಜೀವ ಬಿಟ್ಟಳು. ಇದನ್ನೂ ಒಂದು ಕಲ್ಲೇ ಹೇಳಿದ್ದು.

ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ನಮ್ಮ ರಾಜ್ಯದಲ್ಲಿ ಇಂಥವು 500ಕ್ಕೂ ಹೆಚ್ಚು ಇವೆ. ನೀಲಿ ಬೋರ್ಡು, ತಂತಿ ಬೇಲಿ, ಒಳಗೆ ಹುಲ್ಲುಹಾಸು. 1958ರ ಕಾಯ್ದೆ ಇವುಗಳನ್ನು ಕಾಯುತ್ತದೆ. ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆ 200 ಮೀಟರ್‌ವರೆಗೆ ಅನುಮತಿ ತಗೊಂಡೇ ಕಟ್ಟಬೇಕು.

ಇಲ್ಲಿ ಒಂದು ಮಾತು ಮನಸ್ಸು ಬಿಚ್ಚಿ ಹೇಳಬೇಕು. ಪೇಟೆಯಿಂದ ಬಂದು ನೋಡಿ ಹೋಗುವವರಿಗೆ ಆ 100 ಮೀಟರ್ ಬರೀ ಅಂಕಿ. ಗುಡಿಯ ಬೆನ್ನಿಗೇ ಮನೆ ಇರುವವರಿಗೆ ಅದು ಬದುಕು. ಮಗನ ಮದುವೆಗೆ ಒಂದು ಕೋಣೆ ಜಾಸ್ತಿ ಹಾಕೋಣ ಅಂದರೆ ಆಗುವುದಿಲ್ಲ. ಗೋಡೆ ರಿಪೇರಿಗೂ ಅರ್ಜಿ ಹಾಕಬೇಕು. ಕಾಯ್ದೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸ್ಮಾರಕ ಉಳಿಸುವ ಖರ್ಚಿನಲ್ಲಿ ದೊಡ್ಡ ಪಾಲು ಹೊರುತ್ತಿರುವುದು ಆ ಹತ್ತಿಪ್ಪತ್ತು ಮನೆಗಳು. ಅವರ ಅರ್ಜಿಗೆ ಬೇಗ ಉತ್ತರ ಕೊಡುವುದೂ ಸಂರಕ್ಷಣೆಯೇ ಅಲ್ವಾ? ರಾತ್ರಿ ಹೊತ್ತು ಗುಡಿಯ ಕಡೆ ಗುದ್ದಲಿ ಸದ್ದು ಕೇಳಿದರೆ ಎದ್ದು ಬರುವವರು ಅವರೇ.

ಗುದ್ದಲಿ ಸದ್ದು ಯಾಕೆ ಅಂತ ನಿಮಗೆ ಗೊತ್ತು. ನಿಧಿ ಆಸೆ. ನಂದಿಯ ಹೊಟ್ಟೆ ಒಡೆದವರಿದ್ದಾರೆ, ಲಿಂಗದ ಬುಡ ಕಿತ್ತವರಿದ್ದಾರೆ. ಕಲ್ಲಿನ ನಂದಿಯ ಹೊಟ್ಟೆಯಲ್ಲಿ ಇರುವುದು ಕಲ್ಲೇ. ನಿಜವಾದ ನಿಧಿ ಹೊರಗಡೆ, ಅಕ್ಷರದಲ್ಲಿ ಕಣ್ಣೆದುರಿಗೇ ಇದೆ. ಗುಡಿಗೆ ಒಳ್ಳೆಯದಾಗಲಿ ಅಂತ ಎಣ್ಣೆ ಬಣ್ಣ ಬಳಿಯುವವರೂ ಇದ್ದಾರೆ. ಭಕ್ತಿಯಿಂದಲೇ ಮಾಡುತ್ತಾರೆ. ಆದರೆ ಬಣ್ಣ ಅಕ್ಷರದ ಗೆರೆಯೊಳಗೆ ಕೂತುಬಿಟ್ಟರೆ ಶಾಸನ ಮತ್ತೆ ಓದಲಿಕ್ಕಾಗುವುದಿಲ್ಲ.

ನನ್ನ ಚಿಂತೆ ಜಾಸ್ತಿ ಇರುವುದು ಬೇಲಿಯ ಹೊರಗಿನ ಕಲ್ಲುಗಳ ಬಗ್ಗೆ. ಗದ್ದೆಯ ಬದು, ಬೇವಿನ ಮರದ ಬುಡ, ಹಳ್ಳದ ಕಾಲುಸಂಕ, ಹೀಗೆ ವೀರಗಲ್ಲು, ಸತಿ ಹೋದವಳ ನೆನಪಿನ ಮಾಸ್ತಿಗಲ್ಲುಗಳು ಎಲ್ಲೆಂದರಲ್ಲಿ ಬಿದ್ದಿವೆ. ಬೋರ್ಡಿಲ್ಲ, ಕಾವಲುಗಾರನಿಲ್ಲ. ನಿಮ್ಮ ಹೊಲದಲ್ಲಿ ಅಂಥದ್ದು ಕಂಡರೆ ಎತ್ತಿ ಬೇರೆ ಕಡೆ ಇಡುವ ಮೊದಲು ತಹಶೀಲ್ದಾರರಿಗೋ ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಿ. ಕಲ್ಲು ಎಲ್ಲಿ ಸಿಕ್ಕಿತು ಅನ್ನುವುದೇ ಅರ್ಧ ಚರಿತ್ರೆ. ಅಕ್ಷರ ಕಾಣಲಿ ಅಂತ ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಫೋನಿನಿಂದ ಒಂದು ಫೋಟೋ ತೆಗೆಯಿರಿ. ಮಧ್ಯಾಹ್ನ ಕಾಣದ ಅಕ್ಷರ ಆಗ ತಾನಾಗಿ ಎದ್ದು ಬರುತ್ತದೆ.

ನಮ್ಮೂರ ಕಲ್ಲು ಈಗ ಕೆರೆ ಏರಿಯ ಮೇಲೆ ನಿಂತಿದೆ. ಕೆಳಗಿನ ಪಟ್ಟಿಯಲ್ಲಿ ಎರಡು ಸಾಲು ಬರಹವಿದೆ. ಕೆಸರಿನಲ್ಲಿ ತುಂಬ ಸವೆದಿದೆ. ಅವನ ಹೆಸರು ಇನ್ನೂ ಓದಲು ಆಗಿಲ್ಲ. ದನ ಹೊಡೆದುಕೊಂಡು ಮನೆಗೆ ಬರುವ ಹುಡುಗರು ಸಂಜೆ ಅವನ ಮುಂದೆ ಒಂದು ದಾಸವಾಳ ಇಟ್ಟು ಹೋಗುತ್ತಾರೆ.

ನಮಸ್ಕಾರ.