ಗೋಡೆ ಸರಿಸಿ ತೆಗೆದ ಸಿನಿಮಾ

ಕೇಳುಗರೇ, ನಮಸ್ಕಾರ.

ಒಂದು ಮರದ ಪೆಟ್ಟಿಗೆ. ಅದರ ಮೇಲೆ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿ, ಊಟ ಜೋಡಿಸಿದ್ದಾರೆ. ಬಂದವರು ಬಡಿಸಿಕೊಂಡು ತಿನ್ನುತ್ತಿದ್ದಾರೆ. ಪೆಟ್ಟಿಗೆಯೊಳಗೆ ಒಬ್ಬ ಹುಡುಗನ ಹೆಣ. ಆ ಹುಡುಗನ ಅಪ್ಪನೂ ಊಟಕ್ಕೆ ಬಂದಿದ್ದಾರೆ. ಕರೆದವರು ಕೊಂದವರೇ.

ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1948ರಲ್ಲಿ ತೆರೆಗೆ ತಂದ 'ರೋಪ್' ಚಿತ್ರದ ಕಥೆ ಇದು. ಮೂಲದಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ನಾಟಕ, 1929ರಲ್ಲಿ ಲಂಡನ್ನಿನಲ್ಲಿ ಆಡಿದ್ದು. ಚಿತ್ರಕಥೆ ಬರೆದ ಆರ್ಥರ್ ಲಾರೆಂಟ್ಸ್ ಅದನ್ನು ನ್ಯೂಯಾರ್ಕಿನ ಮನೆಯೊಂದಕ್ಕೆ ತಂದರು.

ನಾಟಕದಲ್ಲಿ ತೆರೆ ಮೇಲೆದ್ದರೆ ಮುಗೀತು, ಆಟ ನಡೆದಷ್ಟೂ ಹೊತ್ತು ನಾವೂ ಕೂತಿರಬೇಕು. ಕತ್ತರಿ ಹಾಕೋದಕ್ಕೆ ಆಗೋದಿಲ್ಲ. ಸಿನಿಮಾದಲ್ಲೂ ಹಾಗೇ ಮಾಡಿದರೆ ಹೇಗೆ ಅಂತ ಹಿಚ್‌ಕಾಕ್‌ಗೆ ಅನ್ನಿಸಿತು. ಆದರೆ ಕ್ಯಾಮೆರಾದಲ್ಲಿ ಒಂದು ಸಲಕ್ಕೆ ಹಿಡಿಸುತ್ತಿದ್ದದ್ದು ಸಾವಿರ ಅಡಿ ಫಿಲ್ಮ್, ಅಂದರೆ ಸುಮಾರು ಹತ್ತು ನಿಮಿಷ. ರೀಲ್ ಮುಗಿಯೋ ಹೊತ್ತಿಗೆ ಕ್ಯಾಮೆರಾ ಯಾರದೋ ಕೋಟಿನ ಬೆನ್ನಿಗೆ ಅಂಟಿಕೊಳ್ಳುತ್ತದೆ, ತೆರೆ ಕಪ್ಪಾಗುತ್ತದೆ. ಹೊಸ ರೀಲ್ ಅದೇ ಕಪ್ಪಿನಿಂದ ಶುರು. ಎಲ್ಲ ಕಡೆ ಹೀಗೆ ಮುಚ್ಚಿಟ್ಟಿಲ್ಲ, ಕೆಲವು ಕಡೆ ನೇರವಾಗಿಯೇ ಕತ್ತರಿಸಿದ್ದಾರೆ. ಹೇಗೂ 80 ನಿಮಿಷದ ಚಿತ್ರಕ್ಕೆ ಶಾಟ್‌ಗಳು, ಅಂದರೆ ನಡುವೆ ಕತ್ತರಿಸದೆ ತೆಗೆದ ತುಣುಕುಗಳು, ಹತ್ತೋ ಹನ್ನೊಂದೋ ಅಷ್ಟೇ.

ಬಣ್ಣದ ಚಿತ್ರ ತೆಗೆಯೋ ಆಗಿನ ಟೆಕ್ನಿಕಲರ್ ಕ್ಯಾಮೆರಾ ಅಂದರೆ ದೊಡ್ಡ ಬೀರುವಿನಂಥದ್ದು. ಅದು ಕೋಣೆಯಿಂದ ಕೋಣೆಗೆ ಹೋಗಬೇಕಲ್ಲ! ಅದಕ್ಕೆ ಗೋಡೆಗಳನ್ನೇ ಸದ್ದಾಗದಂತೆ ಸರಿಯುವ ಹಾಗೆ ಕಟ್ಟಿದರು. ಕ್ಯಾಮೆರಾ ಬಂತು, ಗೋಡೆ ಸರೀತು. ಕ್ಯಾಮೆರಾ ವಾಪಸ್ ತಿರುಗೋಷ್ಟರಲ್ಲಿ ಗೋಡೆ ತನ್ನ ಜಾಗದಲ್ಲಿರಬೇಕು. ಕುರ್ಚಿ ಮೇಜುಗಳನ್ನೂ ಆಳುಗಳು ಎಳೆದು, ಮತ್ತೆ ತಂದಿಡುತ್ತಿದ್ದರು. ಕ್ಯಾಮೆರಾ ಎಲ್ಲೆಲ್ಲಿ ನಿಲ್ಲಬೇಕು ಅಂತ ನೆಲದ ತುಂಬ ನಂಬರ್ ಬರೆದಿದ್ದರು. ರಿಹರ್ಸಲ್ ಆಗ್ತಿರೋದು ಕ್ಯಾಮೆರಾಕ್ಕೆ, ನಟರಿಗಲ್ಲ ಅಂತ ಚಿತ್ರದ ನಟ ಜೇಮ್ಸ್ ಸ್ಟೀವರ್ಟ್ ಗೊಣಗಿದರಂತೆ. ತಪ್ಪೇನಿಲ್ಲ ಬಿಡಿ.

ಮೊದಲ ಟೇಕಿನ ಕಥೆಯನ್ನು ಹಿಚ್‌ಕಾಕ್ ಅವರೇ ಆಮೇಲೆ ಹೇಳಿದ್ದಾರೆ. ಎಂಟು ನಿಮಿಷ ಎಲ್ಲ ಸರಾಗ. ಮಾತು ತಪ್ಪಿಲ್ಲ, ಗೋಡೆ ಕೈಕೊಟ್ಟಿಲ್ಲ. ಕ್ಯಾಮೆರಾ ನಿಧಾನಕ್ಕೆ ತಿರುಗಿತು. ನೋಡಿದರೆ ಕಿಟಕಿ ಪಕ್ಕ ಒಬ್ಬ ಎಲೆಕ್ಟ್ರಿಷಿಯನ್ ನಿಂತಿದ್ದಾನೆ! ಮತ್ತೆ ಮೊದಲಿಂದ.

ಕಿಟಕಿಯದ್ದೇ ಇನ್ನೊಂದು ಗೋಳು. ಹೊರಗೆ ಕಾಣೋ ನ್ಯೂಯಾರ್ಕ್ ಪೂರ್ತಿ ಸ್ಟುಡಿಯೋದೊಳಗೆ ಮಾಡಿದ್ದು. ಪುಟಾಣಿ ಕಟ್ಟಡಗಳು, ಹೊಗೆ ಬಿಡೋ ಚಿಮಣಿಗಳು, ಗಾಜಿನ ಎಳೆಯಲ್ಲಿ ಮಾಡಿದ ಮೋಡಗಳು. ಕಥೆ ನಡೆದಂತೆ ಸಂಜೆಯಾಗಿ, ಕತ್ತಲಾಗಿ, ದೀಪಗಳು ಹತ್ತಿಕೊಳ್ಳುತ್ತವೆ. ಹಿಚ್‌ಕಾಕ್‌ಗೆ ಇದು ಮೊದಲ ಬಣ್ಣದ ಚಿತ್ರ. ರೀಲ್‌ಗಳು ತೊಳೆದು ಬಂದಾಗ ಸೂರ್ಯಾಸ್ತದ ಕಿತ್ತಳೆ ಬಣ್ಣ ತೀರಾ ಜಾಸ್ತಿಯಾಗಿತ್ತು, ಅಗ್ಗದ ಪೋಸ್ಟ್‌ಕಾರ್ಡಿನ ಥರ. ಕೊನೆಯ ಐದು ರೀಲ್‌ಗಳನ್ನು ಮತ್ತೆ ತೆಗೆದರು.

ಇಷ್ಟೆಲ್ಲ ಪಾಡುಪಟ್ಟ ಹಿಚ್‌ಕಾಕ್ ಅವರೇ ಮುಂದೆ ಅದನ್ನೊಂದು ಸರ್ಕಸ್ ಅನ್ನೋ ಅರ್ಥದಲ್ಲಿ ತಳ್ಳಿಹಾಕಿದರು. ನಾನು ಅಷ್ಟು ದೂರ ಹೋಗೋದಿಲ್ಲ. ಆದರೆ ಒಂದು ತಮಾಷೆ ಇದೆ. ನನಗೆ ಉಸಿರು ಕಟ್ಟಿದ್ದು ಕ್ಯಾಮೆರಾ ಓಡಾಡಿದಾಗಲ್ಲ, ಸುಮ್ನೆ ನಿಂತಾಗ.

ಊಟ ಮುಗಿದಿದೆ. ಹುಡುಗ ಯಾಕಿನ್ನೂ ಬಂದಿಲ್ಲ ಅಂತ ಒಂದು ಪಕ್ಕದಲ್ಲಿ ಮಾತು ನಡೀತಿದೆ. ಮಾತಾಡುವವರನ್ನು ಕ್ಯಾಮೆರಾ ಅಷ್ಟಾಗಿ ತೋರಿಸೋದಿಲ್ಲ, ದನಿ ಕೇಳುತ್ತೆ, ಹೆಚ್ಚುಕಮ್ಮಿ ನಮ್ಮ ರೇಡಿಯೋ ಥರ. ಕಣ್ಣ ಮುಂದೆ ಇರೋದು ಪೆಟ್ಟಿಗೆ, ಮನೆಗೆಲಸದಾಕೆ. ಆಕೆ ತಟ್ಟೆ ಎತ್ತುತ್ತಾಳೆ, ಒಳಗೆ ಹೋಗುತ್ತಾಳೆ, ಬರುತ್ತಾಳೆ. ಮೇಣದ ಬತ್ತಿ ಒಯ್ಯುತ್ತಾಳೆ. ಹಾಸಿದ ಬಟ್ಟೆ ತೆಗೆಯುತ್ತಾಳೆ. ಆಮೇಲೆ ಪುಸ್ತಕ ಹೊತ್ತು ತರುತ್ತಾಳೆ. ಅವು ಇರಬೇಕಾದ್ದು ಪೆಟ್ಟಿಗೆಯೊಳಗೆ. ನಾಟಕದ ಮನೆಯಲ್ಲಿ ಕೂತವರ ಹಾಗೆ ನಾವೂ ಕೂತಲ್ಲೇ ಕೂತು ನೋಡ್ತಿರಬೇಕು. ಆಕೆಗೆ ಏನೂ ಗೊತ್ತಿಲ್ಲ. ಕೈ ಮುಚ್ಚಳದ ಮೇಲೆ ಹೋಗುತ್ತೆ.

ನಮಸ್ಕಾರ.