ಬ್ಯಾಕಪ್ ಮರಳಿ ಹಾಕುವ ಮುನ್ನ

ನಮಸ್ಕಾರ. ನಿಮಗೆ ಈಗ ಕಾಣುತ್ತಿರುವುದು ತೀರ್ಥಹಳ್ಳಿಯ ಸಮೀಪದಲ್ಲಿರುವ ನಮ್ಮ ಚಿಕ್ಕಪ್ಪನವರ ಮನೆ. ಹೊರಗೆ ಜೂನ್ ಕೊನೆಯ ವಾರದ ಮಳೆ ಸುರಿಯುತ್ತಿದೆ. ಒಳಗೆ, ಮೇಜಿನ ಮೇಲೆ, ಮೂರು ದಿನಗಳಿಂದ ನೆಟ್ಟಗೆ ನಡೆಯದ ಕಂಪ್ಯೂಟರ್ ಇದೆ. ತೋಟದ ಲೆಕ್ಕ, ಅಡಿಕೆ ಮಾರಿದ ಪಟ್ಟಿಗಳು, ಪಹಣಿಯ ಪ್ರತಿಗಳು, ಹತ್ತು ವರ್ಷಗಳ ಫೋಟೋಗಳು ಎಲ್ಲವೂ ಅದರಲ್ಲಿವೆ. ಪೇಟೆಯ ಜೆರಾಕ್ಸ್ ಅಂಗಡಿಯೊಂದಕ್ಕೆ ಹೋಗಿಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳು ಮಾಯವಾಗಿ, ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕುಳಿತಿವೆ. ಅವುಗಳಲ್ಲಿ ಒಂದನ್ನು ಒತ್ತಿದ್ದೇ ಕಂಪ್ಯೂಟರಿಗೆ ವೈರಸ್ ಹತ್ತಲು ಸಾಕಾಯಿತು.

ನಾನು ಶಿವಮೊಗ್ಗದಿಂದ ಬಂದು ಇಳಿಯುವ ಹೊತ್ತಿಗೆ ಚಿಕ್ಕಪ್ಪ ಬ್ಯಾಕಪ್ ಡಿಸ್ಕನ್ನು ಕೈಯಲ್ಲಿ ಹಿಡಿದು, ಅದನ್ನು ಕಂಪ್ಯೂಟರಿಗೆ ಜೋಡಿಸಿ ಹಳೆಯದನ್ನೆಲ್ಲ ಮರಳಿ ತಂದುಬಿಡಲು ಸಿದ್ಧರಾಗಿದ್ದರು. ನಾನು ತಡೆದೆ. ಸೋಂಕಿರುವ ಕಂಪ್ಯೂಟರಿಗೆ ಬ್ಯಾಕಪ್ ಡಿಸ್ಕನ್ನು ಜೋಡಿಸಿದರೆ, ಈ ಬಗೆಯ ವೈರಸ್ ಪೆನ್‌ಡ್ರೈವ್‌ಗೆ ಹತ್ತಿದಂತೆಯೇ ಡಿಸ್ಕಿಗೂ ಹತ್ತುತ್ತದೆ. ಅದರೊಳಗೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಇದ್ದರಂತೂ ಉಳಿದಿರುವ ಒಂದೇ ಪ್ರತಿಯೂ ಬೀಗ ಬಿದ್ದು ಹೋಗುತ್ತದೆ. ಇದನ್ನು ಹೇಳಿದಾಗ ಚಿಕ್ಕಪ್ಪ ತೋಟದ ಕಡೆ ನೋಡುತ್ತಾ, "ಕೊಳೆ ರೋಗ ಬಂದ ಅಡಿಕೆ ಗೊನೆಯನ್ನು ಮರದಲ್ಲೇ ಬಿಟ್ಟು ಬೋರ್ಡೋ ಔಷಧಿ ಹೊಡೆದ ಹಾಗೆ, ಅಲ್ಲವಾ?" ಎಂದರು. ಅದಕ್ಕಿಂತ ಸರಿಯಾಗಿ ನಾನು ವಿವರಿಸಲಾರೆ.

ಆದ್ದರಿಂದ ಮೊದಲು ಇಂಟರ್‌ನೆಟ್ ಕೇಬಲ್ ಕಿತ್ತೆ, ವೈ-ಫೈ ಆರಿಸಿದೆ, ಡಿಸ್ಕನ್ನು ಕಪಾಟಿನಲ್ಲಿ ಇಟ್ಟೆ. ವೈರಸ್‌ಗಳನ್ನು ಗುರುತಿಸುವ ಹೊಸ ಪಟ್ಟಿಯನ್ನು ಮೈಕ್ರೋಸಾಫ್ಟ್ ಒಂದು ಬಿಡಿ ಕಡತವಾಗಿಯೂ ಕೊಡುತ್ತದೆ; ಅದನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಇಳಿಸಿಕೊಂಡು ಹೊಸ ಪೆನ್‌ಡ್ರೈವ್‌ನಲ್ಲಿ ತಂದಿದ್ದೆ. ಆಮೇಲೆ ವಿಂಡೋಸಿನಲ್ಲೇ ಇರುವ ವೈರಸ್ ನಿರೋಧಕ ಡಿಫೆಂಡರ್‌ನಿಂದ ಫುಲ್ ಸ್ಕ್ಯಾನ್, ಅಂದರೆ ಇಡೀ ಕಂಪ್ಯೂಟರಿನ ಪರೀಕ್ಷೆ, ನಡೆಸಿದೆ, ಸಿಕ್ಕ ಕಡತಗಳ ಹೆಸರು ಮತ್ತು ಜಾಗವನ್ನು ಕಾಗದದ ಮೇಲೆ ಬರೆದುಕೊಂಡೆ.

ಆದರೆ ನಾನು ಹೆಚ್ಚು ನಂಬುವುದು ಆಫ್‌ಲೈನ್ ಸ್ಕ್ಯಾನ್ ಅನ್ನು. ವಿಂಡೋಸ್ ನಡೆಯುತ್ತಿರುವಾಗ ಕೆಲವು ವೈರಸ್‌ಗಳು ಅದರ ಕಣ್ಣಿಗೇ ಪೊರೆ ಕಟ್ಟಿ, ತಮ್ಮ ಕಡತಗಳು ಇಲ್ಲವೇ ಇಲ್ಲ ಎಂಬಂತೆ ತೋರಿಸಬಲ್ಲವು. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿರುವ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅನ್ನು ಆರಿಸಿದರೆ, ಕಂಪ್ಯೂಟರ್ ಮರುಚಾಲನೆಯಾಗಿ, ನಿತ್ಯದ ವಿಂಡೋಸ್ ಏಳುವ ಮೊದಲೇ ಬೇರೊಂದು ಪುಟ್ಟ ವ್ಯವಸ್ಥೆಯಿಂದ ಡಿಸ್ಕನ್ನು ಪರೀಕ್ಷಿಸುತ್ತದೆ. ಆಗ ವೈರಸ್ ನಿದ್ರೆಯಲ್ಲಿರುತ್ತದೆ, ಅಡಗಲು ಅದಕ್ಕೆ ಬಲವಿರುವುದಿಲ್ಲ. ಇದಕ್ಕೆ ಸುಮಾರು 15 ನಿಮಿಷ ಹಿಡಿಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಆ 15 ನಿಮಿಷ ಕರೆಂಟ್ ಹೋಗದೆ ಇರುವುದೂ ದೊಡ್ಡ ಮಾತಾದ್ದರಿಂದ ಯುಪಿಎಸ್ ಚಾರ್ಜ್ ಆಗುವವರೆಗೆ ಕಾದು ಆರಂಭಿಸಿದೆ.

ಕೊನೆಗೆ ಎಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದೆಂದೇ ನಾನು ಅಂದುಕೊಂಡಿದ್ದೆ; ಹಾಗಿದ್ದರೆ ಈ ಸ್ಕ್ಯಾನ್ ಏಕೆ ಎಂದು ನೀವು ಕೇಳಬಹುದು. ಬಂದದ್ದು ಏನು, ಬಂದದ್ದು ಯಾವಾಗ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದು ಇದರಿಂದಲೇ. ಬಂದ ದಿನ ತಿಳಿಯದಿದ್ದರೆ ಯಾವ ದಿನದ ಬ್ಯಾಕಪ್ ಶುದ್ಧವೆಂದು ಹೇಳುವುದು ಹೇಗೆ? ಸಿಕ್ಕ ಕಡತಗಳಲ್ಲಿ ಹಳೆಯದರ ದಿನಾಂಕ ಜೂನ್ 19 ಆಗಿತ್ತು. ಕಡತದ ದಿನಾಂಕವನ್ನು ವೈರಸ್ ತಿದ್ದಿರಲೂಬಹುದು, ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳದೆ ಜೆರಾಕ್ಸ್ ಅಂಗಡಿಯ ಚೀಟಿಯನ್ನು ಹುಡುಕಿಸಿದೆ. ಅದರಲ್ಲಿಯೂ ಜೂನ್ 19 ಎಂದೇ ಇತ್ತು. ಚಿಕ್ಕಪ್ಪ ವಾರಕ್ಕೊಮ್ಮೆ ಡಿಸ್ಕ್ ಜೋಡಿಸುವವರು. ಜೂನ್ 18ರ ಸಂಜೆಯ ಪ್ರತಿ ನಮ್ಮದು, 25ರ ಪ್ರತಿ ನಮ್ಮದಲ್ಲ ಎಂದು ಅಲ್ಲಿಗೆ ತೀರ್ಮಾನವಾಯಿತು.

ಈಗ ಬ್ಯಾಕಪ್ ಡಿಸ್ಕಿನ ಸರದಿ. ಇದನ್ನು ನನ್ನ ಲ್ಯಾಪ್‌ಟಾಪ್‌ಗೆ ಜೋಡಿಸುವ ಮುನ್ನ ಜೋಡಿಸಿದ್ದನ್ನು ತಾನಾಗಿಯೇ ತೆರೆಯುವ ಆಟೋಪ್ಲೇ ನಿಲ್ಲಿಸಿ, ಅಡಗಿಸಿದ ಕಡತಗಳೂ ಕಡತದ ಬಗೆಯನ್ನು ಹೇಳುವ, ಹೆಸರಿನ ಕೊನೆಯ ಅಕ್ಷರಗಳೂ ಕಾಣುವಂತೆ ಮಾಡಿಕೊಂಡಿದ್ದೇನೆ. ಇಲ್ಲಿ ಬಹಳ ಜನ ಮೋಸಹೋಗುವ ಸಂಗತಿಯೊಂದಿದೆ: ಡಿಫೆಂಡರ್‌ನ ಫುಲ್ ಸ್ಕ್ಯಾನ್, ನಾವು ಏನನ್ನೂ ಬದಲಿಸದಿದ್ದರೆ, ಹೊರಗಿನಿಂದ ಜೋಡಿಸಿದ ಡ್ರೈವ್‌ಗಳನ್ನು ಪರೀಕ್ಷಿಸುವುದಿಲ್ಲ. ಕಸ್ಟಮ್ ಸ್ಕ್ಯಾನ್ ಆರಿಸಿ ಆ ಡಿಸ್ಕನ್ನೇ ತೋರಿಸಬೇಕು. ತೋರಿಸಿದೆ. ಡಿಸ್ಕಿನಲ್ಲಿ ಎರಡು ಶಾರ್ಟ್‌ಕಟ್‌ಗಳೂ ಒಂದು ಅಡಗಿಸಿದ ಕಡತವೂ ಸಿಕ್ಕಿಬಿದ್ದವು. 25ರಂದು ಜೋಡಿಸಿದಾಗಲೇ ಹತ್ತಿದ್ದವು. ಅವುಗಳನ್ನು ತೆಗೆಸಿದ ಮೇಲೆ ಎರಡನೆಯ ಅಭಿಪ್ರಾಯಕ್ಕಾಗಿ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಓಡಿಸಿದೆ. ಅದು ಇಳಿಸಿಕೊಂಡ 10 ದಿನಗಳ ನಂತರ ಕೆಲಸ ಮಾಡುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಹೊಸದಾಗಿ ಇಳಿಸಿಕೊಳ್ಳಬೇಕು.

ವೈರಸ್ ತೆಗೆದೆನೆಂದು ಸ್ಕ್ಯಾನ್ ಹೇಳಿದ ಮಾತ್ರಕ್ಕೆ ಅದು ಕೆಡಿಸಿದ್ದೆಲ್ಲ ಸರಿಹೋಯಿತೆಂದು ನಾನು ಒಪ್ಪುವುದಿಲ್ಲ. ಹಾಗಾಗಿ ರಾತ್ರಿಯೇ ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದೆ.

ಬೆಳಗ್ಗೆ ಬ್ಯಾಕಪ್ ಮರಳಿ ತಂದದ್ದು ಹೀಗೆ. ವಿಂಡೋಸಿನ ಬ್ಯಾಕಪ್ ಸೌಲಭ್ಯವಾದ ಫೈಲ್ ಹಿಸ್ಟರಿ ತಾನು ಉಳಿಸಿದ ಪ್ರತಿಯೊಂದು ಕಡತದ ಹೆಸರಿಗೂ ದಿನಾಂಕ ಮತ್ತು ವೇಳೆಯನ್ನು ಸೇರಿಸುತ್ತದೆ, ಆದರೆ ಆ ವೇಳೆ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ವೇಳೆಯಲ್ಲಿ, ಇರುತ್ತದೆ; ನಮ್ಮ ವೇಳೆ ತಿಳಿಯಲು ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು. ಲೆಕ್ಕದ ಕಡತದ ಮೇಲೆ 14 ಗಂಟೆ 10 ನಿಮಿಷ ಎಂದಿದ್ದುದು ನಮ್ಮ ಸಂಜೆಯ 7 ಗಂಟೆ 40 ನಿಮಿಷ. ಲೆಕ್ಕಪತ್ರಗಳನ್ನೂ ಫೋಟೋಗಳನ್ನೂ ಮಾತ್ರ ತಂದೆ. ಹಳೆಯ ಡೌನ್‌ಲೋಡ್‌ಗಳಲ್ಲಿದ್ದ ಒಂದು ತಂತ್ರಾಂಶವನ್ನೂ ತರಲಿಲ್ಲ. ಕನ್ನಡ ಟೈಪಿಂಗಿನ ನುಡಿ ಸಹಿತ ಬೇಕಾದುದನ್ನೆಲ್ಲ ಮೂಲ ಜಾಲತಾಣಗಳಿಂದಲೇ ಹೊಸದಾಗಿ ಹಾಕಿ, ಎಲ್ಲ ಮುಗಿದ ಮೇಲೆ ಮತ್ತೊಮ್ಮೆ ಸ್ಕ್ಯಾನ್ ಮಾಡಿದೆ. ಚಿಕ್ಕಪ್ಪನವರ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಮಾತ್ರ ನಿನ್ನೆಯೇ, ಅವರ ಮೊಬೈಲ್‌ನಿಂದಲೇ ಬದಲಾಯಿಸಿದ್ದೆವು.

ಜೂನ್ 18ರ ನಂತರದ ಲೆಕ್ಕ ಮರಳಿ ಬರಲಿಲ್ಲ. ತೋಟಕ್ಕೆ ಔಷಧಿ ಹೊಡೆಸಿದ ಕೂಲಿ, ಮೈಲುತುತ್ತ ಮತ್ತು ಸುಣ್ಣದ ಖರ್ಚು ಅದರಲ್ಲಿದ್ದವು. ಅದೃಷ್ಟಕ್ಕೆ ಚಿಕ್ಕಮ್ಮ ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಆಳುಗಳ ಹಾಜರಿಯನ್ನು ಗುರುತು ಹಾಕಿಟ್ಟಿದ್ದಾರೆ. ಈಗ ನೀವು ನೋಡುತ್ತಿರುವುದು ಅದನ್ನೇ: ಅವರು ಒಂದೊಂದು ದಿನವನ್ನೂ ಓದಿ ಹೇಳುತ್ತಿದ್ದಾರೆ, ಚಿಕ್ಕಪ್ಪ ನಿಧಾನವಾಗಿ ಟೈಪ್ ಮಾಡುತ್ತಿದ್ದಾರೆ.