ತಿರ್ಗಿ ಬತ್ಯಾ ಇಲ್ಯಾ?

ಎಲ್ಲರಿಗೂ ನಮಸ್ಕಾರ. ಭಾನುವಾರ, ಅದೂ ರಿಪೇರಿಗೆ ಅಂತ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ದಿನ, ಇಷ್ಟು ಜನ ಮುಂಬಯಿಯ ಈ ಮಾಟುಂಗದವರೆಗೆ ಬಂದಿದ್ದೀರಿ. ಡೊಂಬಿವಲಿಯಿಂದ ಬಂದವಳು ನಾನು, ಆ ಕಷ್ಟ ನನಗೆ ಗೊತ್ತು. ತುಂಬಾ ಸಂತೋಷ.

ಕೆಲಸ ಬಿಟ್ಟು ಬೆನ್ನಿಗೆ ಚೀಲ ಹಾಕಿಕೊಂಡು ದೇಶ ಸುತ್ತಿದ ಅನುಭವ ಹೇಳಿ ಅಂತ ಸಂಘದವರು ಕೇಳಿದ್ದಾರೆ. ಅದನ್ನು ಹೇಳುತ್ತೇನೆ. ಆದರೆ ನನ್ನ ತಲೆಯಲ್ಲಿ ಈಗಲೂ ಸುತ್ತುತ್ತಿರುವುದು ಒಂದು ಪ್ರಶ್ನೆ. ಅದನ್ನು ನನಗೆ ಇಬ್ಬರು ಕೇಳಿದರು. ಒಬ್ಬರು ನನ್ನ ಅಮ್ಮ. ಇನ್ನೊಬ್ಬರು ನಾನು ಮುಖವನ್ನೇ ನೋಡದ ಒಬ್ಬ ವೀಸಾ ಅಧಿಕಾರಿ.

2023ರ ಜೂನ್. ಒಂದು ಆಫೀಸಿನಲ್ಲಿ 11 ವರ್ಷ ದುಡಿದಿದ್ದೆ. ವಯಸ್ಸು 38. ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, ಕೆಲಸ ಬಿಡುತ್ತೇನೆ, ಆರೇಳು ತಿಂಗಳು ಹೊರದೇಶಗಳಲ್ಲಿ ತಿರುಗಾಡಿ ಬರುತ್ತೇನೆ ಅಂತ. ಅಮ್ಮ ಗಂಜಿ ಬಡಿಸುತ್ತಿದ್ದರು. ಸೌಟು ಅಲ್ಲೇ ನಿಂತಿತು. ನಮ್ಮದು ಕುಂದಾಪುರದ ಕಡೆ. ಅಮ್ಮ ಕೇಳಿದ್ದು ಇಷ್ಟೇ: “ನೀ ತಿರ್ಗಿ ಬತ್ಯಾ ಇಲ್ಯಾ?” ವಾಪಸ್ ಬರ್ತೀಯೋ ಇಲ್ವೋ ಅಂತ.

ಅಪ್ಪಯ್ಯ ಏನೂ ಹೇಳಲಿಲ್ಲ. ಕೈ ತೊಳೆದು ಗ್ಯಾಲರಿಗೆ ಹೋಗಿ ನಿಂತರು.

ಅವರು ಯಾಕೆ ಸುಮ್ಮನಾದರು ಅಂತ ನಿಮಗೆ ಅರ್ಥವಾಗಬೇಕಾದರೆ ಅವರ ಕಥೆ ಹೇಳಬೇಕು. ಇಲ್ಲಿ ಕೂತಿರುವ ಹಿರಿಯರಲ್ಲಿ ಎಷ್ಟೋ ಜನರದ್ದು ಅದೇ ಕಥೆ. 1964ರಲ್ಲಿ, 13ನೇ ವಯಸ್ಸಿನಲ್ಲಿ, ಊರಿನವರೊಬ್ಬರ ಜೊತೆ ಬೊಂಬಾಯಿಗೆ ಬಂದರು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅಪ್ಪಯ್ಯ ಬರುವಾಗ ಬಸ್ಸು ಬದಲಿಸುತ್ತಾ, ಘಟ್ಟ ಹತ್ತಿ ಬರಬೇಕಿತ್ತು. ಇಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಜಾಗದಲ್ಲಿ, ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಹೋಟೆಲಿನಲ್ಲಿ, ಟೇಬಲ್ ಒರೆಸುವ ಕೆಲಸ. ರಾತ್ರಿ ಕನ್ನಡ ರಾತ್ರಿಶಾಲೆ. ಮಲಗುವುದು ಹೋಟೆಲಿನಲ್ಲೇ, ಬೆಂಚು ಜೋಡಿಸಿಕೊಂಡು. ಆಮೇಲೆ ಪರೇಲಿನ ಒಂದು ಬಟ್ಟೆ ಮಿಲ್ಲಿನ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ತಿಂಗಳ ಸಂಬಳ ಬಂತು, ಮದುವೆಯಾಯಿತು.

1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಎಷ್ಟೋ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಮಿಲ್ಲೇ ನಿಂತ ಮೇಲೆ ಕ್ಯಾಂಟೀನಿನವರ ಕಥೆ ಏನು? ಅಪ್ಪಯ್ಯನ ಕೆಲಸವೂ ಹೋಯಿತು. ನಮ್ಮ ಮನೆಯಲ್ಲಿ ‘ಕೆಲಸ ಹೋಯ್ತು’ ಅನ್ನುವ ಮಾತನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ. ಅಂಥವರ ಮುಂದೆ ಕೂತು, ಇರುವ ಕೆಲಸವನ್ನು ನಾನೇ ಬಿಡುತ್ತೇನೆ ಅಂತ ಹೇಳಿದ್ದೆ.

ಹೊರದೇಶ ಸುತ್ತುವುದು ಈ ಊರಿಗೆ ಹೊಸದಲ್ಲ. 1923ರ ಅಕ್ಟೋಬರಿನಲ್ಲಿ ಆರು ಜನ ಪಾರ್ಸಿ ಹುಡುಗರು ಮುಂಬಯಿಯಿಂದ ಸೈಕಲ್ ಹತ್ತಿ ಲೋಕ ಸುತ್ತಲು ಹೊರಟರು. ಅವರಲ್ಲಿ ಮೂವರು, ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತಂ ಭುಮಗರಾ, ಸುತ್ತು ಮುಗಿಸಿ 1928ರ ಮಾರ್ಚಿನಲ್ಲಿ ವಾಪಸ್ ಬಂದರು. ಸುಮಾರು 70 ಸಾವಿರ ಕಿಲೋಮೀಟರ್, ನಾಲ್ಕೂವರೆ ವರ್ಷ. ಅವರು ಹೊರಟು ನೂರು ವರ್ಷವಾದಾಗ ನಾನು ಹೊರಟೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಅವರ ಮನೆಯ ಅಮ್ಮಂದಿರೂ ಇದೇ ಪ್ರಶ್ನೆ ಕೇಳಿರುತ್ತಾರೆ, ಅಲ್ವಾ?

ಈಗ ಪ್ರಶ್ನೆ ಕೇಳಿದ ಎರಡನೆಯವರ, ಆ ವೀಸಾ ಅಧಿಕಾರಿಯ ಕಥೆ. ಮೊದಲು ಎರಡು ತಿಂಗಳು ಯುರೋಪ್, ಆಮೇಲೆ ಏಷ್ಯಾ ಅಂತ ನನ್ನ ಯೋಜನೆ ಇತ್ತು. ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ವೀಸಾ, ಷೆಂಗನ್ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರವಾಸ ವಿಮೆ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್, ಸಂಬಳದ ಸ್ಲಿಪ್ಪು, ಜೊತೆಗೆ ಆಫೀಸಿನಿಂದ ರಜೆ ಮಂಜೂರಾದ ಪತ್ರ. ಕೊನೆಯದು ನನ್ನ ಹತ್ತಿರ ಇರಲಿಲ್ಲ. ನೋಟಿಸ್ ಪೀರಿಯಡ್‌ನಲ್ಲಿದ್ದೆ. ರಾಜೀನಾಮೆ ಕೊಟ್ಟಿದ್ದೇನೆ ಅಂತಲೇ ಬರೆದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಎರಡು ವಾರಕ್ಕೆ ಪಾಸ್‌ಪೋರ್ಟ್ ವಾಪಸ್ ಬಂತು, ಒಳಗೆ ಒಂದು ಹಾಳೆ. ವೀಸಾ ಮುಗಿಯುವ ಮೊದಲು ನೀವು ನಮ್ಮ ದೇಶ ಬಿಟ್ಟು ಹೋಗುತ್ತೀರಿ ಎನ್ನುವುದರ ಬಗ್ಗೆ ಅನುಮಾನವಿದೆ ಅನ್ನುವ ಅರ್ಥದ ಸಾಲಿನ ಮುಂದೆ ಗುರುತು ಹಾಕಿದ್ದರು. ಕಟ್ಟಿದ ಫೀಸು ಹೋಯಿತು.

ಆ ಹಾಳೆ ಹಿಡಿದುಕೊಂಡು ಸ್ಟೇಷನ್ನಿನ ಬೆಂಚಿನ ಮೇಲೆ ತುಂಬಾ ಹೊತ್ತು ಕೂತಿದ್ದೆ. ಅಮ್ಮ ಕೇಳಿದ್ದನ್ನೇ ಅವರೂ ಕೇಳಿದ್ದರು. ಅಮ್ಮ ಕೇಳಿದ್ದು, ನಮ್ಮ ಹತ್ತಿರ ವಾಪಸ್ ಬರ್ತೀಯಾ ಅಂತ. ಅವರು ಕೇಳಿದ್ದು, ನಮ್ಮ ಹತ್ತಿರದಿಂದ ವಾಪಸ್ ಹೋಗ್ತೀಯಾ ಅಂತ. ಇಷ್ಟು ವರ್ಷ ಈ ಎರಡಕ್ಕೂ ನನ್ನ ಪರವಾಗಿ ಉತ್ತರ ಕೊಡುತ್ತಿದ್ದದ್ದು ನನ್ನ ಕೆಲಸ. ಅದರ ಹಿಂದಿನ ವರ್ಷದ ಎಂಟು ದಿನದ ಟೂರಿಗೆ ವೀಸಾ ಸಿಕ್ಕಿದ್ದು ನನ್ನ ಮುಖ ನೋಡಿ ಅಲ್ಲ, ರಜೆ ಪತ್ರ ನೋಡಿ. ಕೆಲಸ ಬಿಟ್ಟರೆ ಸಂಬಳ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ನಮ್ಮಂಥವರಿಗೆ ಈ ಉತ್ತರವೂ ಕೈತಪ್ಪಿ ಹೋಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಆಮೇಲೆ ಹಾಸ್ಟೆಲುಗಳಲ್ಲಿ 22 ವರ್ಷದ ಯುರೋಪಿನ ಮಕ್ಕಳು ಸಿಕ್ಕಾಗ, ಒಂದು ವರ್ಷ ಸುಮ್ನೆ ತಿರುಗುತ್ತೇವೆ ಅಂದಾಗ, ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಅವರು ಕೌಂಟರಿನಲ್ಲಿ ಒಂದು ನಿಮಿಷ ನಿಲ್ಲುತ್ತಿದ್ದರು, ನಾನು ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ತೋರಿಸುತ್ತಾ ಹದಿನೈದು ನಿಮಿಷ ನಿಲ್ಲುತ್ತಿದ್ದೆ. ನೋವಾಗುತ್ತಿತ್ತು.

ಯುರೋಪ್ ಬಿಟ್ಟೆ. ಯಾವ ಬಾಗಿಲು ತೆರೆದಿದೆಯೋ ಅಲ್ಲಿಗೆ ಹೋಗೋಣ ಅಂದುಕೊಂಡೆ. ನೇಪಾಳಕ್ಕೆ ನಮಗೆ ವೀಸಾ ಬೇಡ. ವಿಯೆಟ್ನಾಂ 2023ರ ಆಗಸ್ಟಿನಿಂದ 90 ದಿನದ ಇ-ವೀಸಾ ಕೊಡಲು ಶುರು ಮಾಡಿತ್ತು. ಅದೇ ನವೆಂಬರಿನಲ್ಲಿ ಥಾಯ್ಲೆಂಡ್, ಡಿಸೆಂಬರಿನಲ್ಲಿ ಮಲೇಷ್ಯಾ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಬಿಟ್ಟವು. ಈ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. 2023ರ ದೀಪಾವಳಿ ಮುಗಿಸಿ ಹೊರಟೆ.

ಚೆಂದದ ವಿಷಯಗಳನ್ನೂ ಹೇಳಬೇಕಲ್ಲ. ಥಾಯ್ಲೆಂಡಿನಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿತು, ಅಕ್ಷರ ಒಂದೂ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಶಾಲೆಯ ಟೀಚರ್ ಓದಿ ಹೇಳಿದರು: ತಿಂಗಳು ‘ಮಕರಾಖೋಮ್’, ವರ್ಷ 2567. ವರ್ಷ ಬುದ್ಧನ ಲೆಕ್ಕದ್ದು. ತಿಂಗಳು ನಮ್ಮ ಮಕರ ರಾಶಿ! ಮುಂದಿನ ತಿಂಗಳ ಹೆಸರು ಕುಂಭದಿಂದ, ಅದರ ಮುಂದಿನದು ಮೀನದಿಂದ. ಹನ್ನೆರಡೂ ನಮ್ಮ ಹನ್ನೆರಡು ರಾಶಿಗಳೇ. ಅಂದು ಸಂಕ್ರಾಂತಿ. ಡೊಂಬಿವಲಿಯಲ್ಲಿ ಪಕ್ಕದ ಮನೆಯ ಮರಾಠಿ ಕಾಕೂ ಅಮ್ಮನಿಗೆ ಎಳ್ಳುಬೆಲ್ಲದ ತಿಳ್‌ಗುಳ್ ಕೊಟ್ಟು ಹೋಗಿದ್ದರು. ಫೋನಿನಲ್ಲಿ ತಿಂಗಳ ಹೆಸರು ಹೇಳಿದಾಗ ಅಮ್ಮ ನಂಬಲೇ ಇಲ್ಲ. ಕಾಂಬೋಡಿಯಾದಲ್ಲಿ ಮಕ್ಕಳ ಅಕ್ಷರಮಾಲೆಯ ಪುಸ್ತಕ ಬಿಡಿಸಿದರೆ ಅಲ್ಲೂ ಕ ವರ್ಗ, ಚ ವರ್ಗ, ನಮ್ಮ ಸಾಲಿನಲ್ಲೇ. ಕಲಿತ ಕ್ರಮವೇ ಇನ್ನೊಂದು ದೇಶದಲ್ಲಿ ಸಿಕ್ಕಾಗ ಆಗುವ ಖುಷಿಯನ್ನು ಹೇಗೆ ಹೇಳಲಿ?

ಆದರೆ ನನಗೆ ಜಾಸ್ತಿ ಮುಖ್ಯವಾದದ್ದು ಲಾವೋಸಿನ ದೋಣಿ. ಗಡಿಯ ಹುವಾಯ್ ಸಾಯ್ ಊರಿನಿಂದ ಲುವಾಂಗ್ ಪ್ರಬಾಂಗಿಗೆ ಮೆಕಾಂಗ್ ನದಿಯಲ್ಲಿ ಉದ್ದನೆಯ ಮರದ ದೋಣಿ ಹೋಗುತ್ತದೆ. ಎರಡು ದಿನದ ಪ್ರಯಾಣ. ರಾತ್ರಿ ಪಾಕ್‌ಬೆಂಗ್ ಅನ್ನುವ ಸಣ್ಣ ಊರಿನಲ್ಲಿ ತಂಗಬೇಕು. ದೋಣಿಯಲ್ಲಿ ಅಕ್ಕಿಮೂಟೆ, ಕೋಳಿ, ಮೋಟರ್‌ಸೈಕಲ್ ಎಲ್ಲ ಇತ್ತು. ದಡದ ಹಳ್ಳಿಗಳಲ್ಲಿ ಜನ ಇಳಿಯುತ್ತಿದ್ದರು, ಹತ್ತುತ್ತಿದ್ದರು. ಒಂದು ಕಡೆ ಒಬ್ಬ ಹುಡುಗ ಹತ್ತಿದ, ಹದಿಮೂರು ಹದಿನಾಲ್ಕು ವರ್ಷ ಇರಬಹುದು. ಕೈಯಲ್ಲಿ ಒಂದು ಗಂಟು. ದಡದಲ್ಲಿ ಅವನ ಅಮ್ಮ ನಿಂತಿದ್ದರು. ದೋಣಿ ತಿರುಗುವವರೆಗೂ ನಿಂತಿದ್ದರು.

ಅವತ್ತು ರಾತ್ರಿ ಪಾಕ್‌ಬೆಂಗಿನಿಂದ ಫೋನ್ ಮಾಡಿ ಅಪ್ಪಯ್ಯನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ನನ್ನ ಜೀವನದಲ್ಲೇ ಮೊದಲ ಸಲ, ಅವರು ಹೊರಟ ದಿನದ ಬಗ್ಗೆ ಹೇಳಿದರು. ಅಜ್ಜಿ ಹೊಳೆಯ ದೋಣಿ ಕಡವಿನವರೆಗೆ ಬಂದಿದ್ದರಂತೆ. ಸೌದೆ ಮಾರಿದ ಎರಡು ರೂಪಾಯಿ ಕೈಯಲ್ಲಿ ಇಟ್ಟರಂತೆ. ಅವರೂ ಕೇಳಿದ್ದು ಅದೇ ಮಾತು, ತಿರ್ಗಿ ಬತ್ಯಾ ಅಂತ. ಅಪ್ಪಯ್ಯ ಊರಿಗೆ ಮತ್ತೆ ಹೋದದ್ದು ಆರು ವರ್ಷದ ಮೇಲೆ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ. ಗ್ಯಾಲರಿಯಲ್ಲಿ ನಿಂತ ಅಪ್ಪಯ್ಯ ಕೆಲಸದ ಬಗ್ಗೆ ಯೋಚಿಸುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ಅಜ್ಜಿಯ ಬಗ್ಗೆ ಯೋಚಿಸುತ್ತಿದ್ದರು.

ಈಗ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಇದನ್ನು ಹೇಳಲೆಂದೇ ಇವತ್ತು ಬಂದೆ ಅಂದರೂ ಆಗುತ್ತದೆ.

ದುಡ್ಡಿನ ಲೆಕ್ಕ ನಾನು ಚೆನ್ನಾಗಿಯೇ ಮಾಡಿದ್ದೆ. ಮೂರು ವರ್ಷ ಕೂಡಿಸಿದ್ದೆ. ಡಾರ್ಮಿಟರಿಯಲ್ಲಿ ಮಲಗಿದರೆ, ಬೀದಿಯಲ್ಲಿ ಉಂಡರೆ ದಿನಕ್ಕೆ ಸರಾಸರಿ ₹2,100 ಆಯಿತು. ಪಿಎಫ್ ಮುಟ್ಟಲಿಲ್ಲ. ಐದು ವರ್ಷ ಸತತವಾಗಿ ದುಡಿದಿದ್ದರೆ ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ನಿಮ್ಮ ಹಕ್ಕು. ನಾನು ಬಿಟ್ಟಾಗ ಲೆಕ್ಕ ಹೀಗಿತ್ತು: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದದ್ದನ್ನು ವರ್ಷಗಳಿಂದ ಗುಣಿಸಿ. ಇನ್ನು ನಾಲ್ಕೇ ತಿಂಗಳಿಗೆ ಐದು ವರ್ಷ ತುಂಬುವುದಾದರೆ ದಯವಿಟ್ಟು ತಡೆದು ಹೊರಡಿ. ಪಿಎಫ್ ಪೆನ್ಶನ್ನಿಗೂ ಹೀಗೇ, ಅಲ್ಲಿ 10 ವರ್ಷ ಬೇಕು.

ಒಂದು ವಿಷಯ ಮಾತ್ರ ನಾನು ನೋಡಲಿಲ್ಲ. ಆಫೀಸಿನ ಗುಂಪು ಮೆಡಿಕ್ಲೇಮಿನಲ್ಲಿ ಅಪ್ಪಯ್ಯ, ಅಮ್ಮನ ಹೆಸರೂ ಇತ್ತು. ನನ್ನ ಕೊನೆಯ ದಿನವೇ ಅವರ ವಿಮೆಯ ಕೊನೆಯ ದಿನವೂ ಆಯಿತು. ಗೊತ್ತಾದದ್ದು ಹೊರಡುವ ವಾರ. ಅವಸರದಲ್ಲಿ ಹೊಸ ಪಾಲಿಸಿ ಮಾಡಿಸಿದೆ. ಅಪ್ಪಯ್ಯನಿಗೆ ಮೊದಲೇ ಸಕ್ಕರೆ ಕಾಯಿಲೆ. ಹೊಸ ಪಾಲಿಸಿಯಲ್ಲಿ ಅದಕ್ಕೆ ಮೂರು ವರ್ಷ ಕಾಯಬೇಕು. ಆಫೀಸು ಬಿಡುವ ಮೊದಲೇ, ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದಿತ್ತು. ಕಂಪನಿ ಒಪ್ಪಿದ್ದರೆ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತಿದ್ದವು. ನಾನು ಕೇಳಲೇ ಇಲ್ಲ.

ಮಾರ್ಚಿನಲ್ಲಿ ನಾನು ವಿಯೆಟ್ನಾಮಿನ ಹನೋಯಿಯಲ್ಲಿದ್ದೆ. ಅಪ್ಪಯ್ಯನ ಕಾಲಿನ ಗಾಯ ಕೀವಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಪಕ್ಕದ ಮನೆಯ ಕಾಕಾ ಕರೆದುಕೊಂಡು ಹೋದರು. ಬಿಲ್ಲು ₹78,000. ವಿಮೆಯಿಂದ ಒಂದು ರೂಪಾಯಿ ಬರಲಿಲ್ಲ. ದುಡ್ಡು ನನ್ನ ಪ್ರವಾಸದ ಗಂಟಿನಿಂದ ಕೊಟ್ಟೆ. ಅದು ಇತ್ತು, ಪುಣ್ಯ. ಮರುದಿನವೇ ವಿಮಾನ ಹತ್ತಿದೆ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಅಮ್ಮ ಏನೂ ಕೇಳಲಿಲ್ಲ. ಬ್ಯಾಗು ಇಸಿದುಕೊಂಡು ಮಂಚದ ಕೆಳಗೆ ಇಟ್ಟರು.

ಮೂರು ವಾರ ಮನೆಯಲ್ಲಿದ್ದೆ. ಪ್ರವಾಸ ಮುಗಿಯಿತು ಅಂತಲೇ ಅಂದುಕೊಂಡಿದ್ದೆ. ಮತ್ತೆ ಕಳಿಸಿದ್ದು ಅಪ್ಪಯ್ಯ. “ಕಲ್ಲಿನ ದೇವಸ್ಥಾನ ನೋಡುಕಿತ್ತ್ ಅಂದಿದ್ಯಲೆ, ನೋಡ್ಕಂಡ್ ಬಾ” ಅಂದರು. ಏಪ್ರಿಲ್ ಬಿಸಿಲಿನಲ್ಲಿ ಕಾಂಬೋಡಿಯಾದ ಆಂಗ್ಕೋರ್ ದೇವಸ್ಥಾನಗಳನ್ನು ನೋಡಿದೆ. ತಾ ಪ್ರೋಮ್ ಗುಡಿಯಲ್ಲಿ ಮರದ ಬೇರುಗಳು ಗೋಡೆಯನ್ನು ಅಪ್ಪಿಕೊಂಡಿವೆ. ಆ ಗುಡಿಯನ್ನು ಉಳಿಸುವ ಕೆಲಸದಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೂ ಕೈಜೋಡಿಸಿದ್ದಾರೆ. ಬೇರು ಕಿತ್ತರೆ ಗೋಡೆ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಅದಕ್ಕೇ ಎರಡಕ್ಕೂ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಅಲ್ಲಿ ತುಂಬಾ ಹೊತ್ತು ಕೂತಿದ್ದೆ.

ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ವಿಯೆಟ್ನಾಮಿನಲ್ಲಿ ಎಲ್ಲರೂ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದನ್ನು. ಅಂಗಡಿಯವರು ಕೀಲಿ ಕೊಡುತ್ತಾರೆ, ಬಿದ್ದರೆ ವಿಮೆ ಕೈಕೊಡುತ್ತದೆ. ನಾನು ಬಸ್ಸಿನಲ್ಲಿ, ರೈಲಿನಲ್ಲಿ ತಿರುಗಿದೆ. ಒಂದೂ ನಷ್ಟ ಅನಿಸಲಿಲ್ಲ.

2024ರ ಜೂನಿನಲ್ಲಿ ವಾಪಸ್ ಬಂದೆ. ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಸಂಬಳ ಮೊದಲಿಗಿಂತ ಕಡಿಮೆ. ಸಂದರ್ಶನದಲ್ಲಿ ಎಲ್ಲರೂ ಕೇಳಿದ್ದು, ಮತ್ತೆ ಬಿಟ್ಟು ಹೋಗ್ತೀರಾ ಅಂತ. ನೋಡಿ, ಅಲ್ಲೂ ಅದೇ ಪ್ರಶ್ನೆ! ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗಾಗಿ ಎಲ್ಲರೂ ಕೆಲಸ ಬಿಡಿ ಅಂತ ನಾನು ಹೇಳಲಾರೆ. ಮೊದಲು ಸಂಬಳವಿಲ್ಲದ ರಜೆ ಕೇಳಿ ನೋಡಿ. ಕೊಟ್ಟರೆ ಪಿಎಫ್, ಮೆಡಿಕ್ಲೇಮ್, ವೀಸಾಕ್ಕೆ ಬೇಕಾದ ಪತ್ರ, ಬಹಳಷ್ಟು ಉಳಿಯುತ್ತದೆ. ನಾನು ಅದನ್ನೂ ಕೇಳಿರಲಿಲ್ಲ. ಇಲ್ಲ ಅಂದುಬಿಡುತ್ತಾರೆ ಅಂತ ನಾನೇ ತೀರ್ಮಾನ ಮಾಡಿದ್ದೆ.

ಹೋದ ತಿಂಗಳು ಅಪ್ಪಯ್ಯನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು. ಹುಟ್ಟಿದ ದಿನದ ದಾಖಲೆಗೆ ರಾತ್ರಿಶಾಲೆಯ ಹಳೆಯ ಸರ್ಟಿಫಿಕೇಟು ಹುಡುಕಿ ತೆಗೆದರು. ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು. ಅವರಿಗೆ ಆ ದೋಣಿ ನೋಡಬೇಕಂತೆ.

ಹೊರಗೆ ಚಹಾ ಇದೆ. ನಿಮ್ಮಲ್ಲಿ ಯಾರಾದರೂ ರಾಜೀನಾಮೆ ಪತ್ರ ಬರೆದು ಇಟ್ಟುಕೊಂಡಿದ್ದರೆ, ಕಳಿಸುವ ಮೊದಲು ಹತ್ತು ನಿಮಿಷ ನನ್ನ ಜೊತೆ ಕೂತುಕೊಳ್ಳಿ. ಮೊಬೈಲಿನಲ್ಲಿ ಆಫೀಸಿನ ಮೆಡಿಕ್ಲೇಮ್ ಕಾರ್ಡ್ ತೆಗೆಯಿರಿ. ಅದರಲ್ಲಿ ಯಾರ್ಯಾರ ಹೆಸರು ಇದೆ, ಮೊದಲು ಅದನ್ನು ನೋಡೋಣ.